ವಿಭೂತಿ ಹಚ್ಚಿದ ಡ್ರಿಲ್

ಎರಡು ತೂತು ಕೊರೆದಾಗಿತ್ತು, ಇನ್ನೆರಡು ಉಳಿದಿದ್ದವು. ಅತ್ತೆಗೆ ಮಂಡಿನೋವು. ಬಚ್ಚಲಲ್ಲಿ ಕೂತು ಏಳುವಾಗ ಹಿಡಿದುಕೊಳ್ಳಲಿ ಎಂದು ಗೋಡೆಗೆ ಒಂದು ಸ್ಟೀಲಿನ ಹಿಡಿಕೆ ಹಾಕುತ್ತಿದ್ದೆ. ನಮ್ಮ ಮನೆಯಲ್ಲಿ ಇಂಥ ಕೆಲಸವೆಲ್ಲ ನನ್ನದೇ. ಗಂಡನ ಕೈಗೆ ಸುತ್ತಿಗೆ ಕೊಟ್ಟರೆ ಮೊಳೆ ಒಳಗೆ ಹೋಗುವ ಮೊದಲು ಗಾರೆ ಕೆಳಗೆ ಬರುತ್ತದೆ. ಹಾಗಾಗಿ ಶಿಕಾರಿಪುರದ ಪೇಟೆಯಲ್ಲಿ ಡ್ರಿಲ್ ಮಷೀನ್ ಕೊಂಡವಳೂ ನಾನು, ಗ್ಯಾರಂಟಿ ಕಾರ್ಡನ್ನು ಬೀರುವಿನಲ್ಲಿ ಜೋಪಾನ ಮಾಡಿದವಳೂ ನಾನು.

ಮೂರನೆಯ ತೂತಿನಲ್ಲಿ ಆದದ್ದನ್ನು ನೆನಪಿರುವಷ್ಟೇ ಬರೆಯುತ್ತೇನೆ. ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೆ. ಬಲಗೈ ಹಿಡಿಯ ಮೇಲಿತ್ತು. ಎಡಗೈಯಲ್ಲಿ ಮಷೀನಿನ ಮುಂದಿನ ಲೋಹದ ಕತ್ತನ್ನು ಒತ್ತಿ ಹಿಡಿದಿದ್ದೆ, ಎಡ ಮೊಣಕೈ ನಲ್ಲಿಗೆ ತಾಗಿತ್ತು. ಕರೆಂಟು ಹೊಡೆಯಿತು. ಕೈ ಬಿಡಬೇಕೆಂದುಕೊಂಡೆ, ಬಿಡಲಾಗಲಿಲ್ಲ. ಹಲ್ಲು ಕಚ್ಚಿಕೊಂಡವು. ಕೂಗಿದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಬಚ್ಚಲ ಬಾಗಿಲಾಚೆ ನಿಂತಿದ್ದ ಅತ್ತೆ ಸ್ವಿಚ್ ಆರಿಸಿದರು. ಕೈ ತಾನಾಗಿ ಬಿಟ್ಟಿತು.

ಮಷೀನ್ ಕೊಂಡ ಅಂಗಡಿಗೆ ವಾರಕ್ಕೊಂದು ದಿನ ಕಂಪನಿಯ ಸರ್ವಿಸ್‌ನವನು ಬರುತ್ತಾನೆ. ಅವನು ಬರುವ ದಿನ ನಾನು ಶಾಲೆಗೆ ರಜೆ ಹಾಕಿದೆ. ಅತ್ತೆಯೂ ಚಪ್ಪಲಿ ಮೆಟ್ಟಿ ಹೊರಟು ನಿಂತರು.

"ನಾನೂ ಬರ್ತೀನಿ. ಕಣ್ಣಾರೆ ನೋಡಿದೋಳು ನಾನಲ್ವಾ? ಹೇಳಾಕೆ ಒಬ್ರು ಬೇಕು."

ಸರ್ವಿಸ್‌ನವನು ಮಷೀನನ್ನು ತಿರುಗಿಸಿ ತಿರುಗಿಸಿ ನೋಡಿದ. ಗಾಳಿಯಾಡುವ ಸೀಳುಗಳ ಪಕ್ಕ ಮೂರು ಬಿಳಿ ಗೆರೆಗಳಿದ್ದವು.

"ಇದೇನ್ರಿ ಬೆಳ್ಳಗೆ?"

"ವಿಭೂತಿ," ಎಂದರು ಅತ್ತೆ. "ಆಯುಧ ಪೂಜೆಗೆ ನಾನೇ ಹಚ್ಚಿದ್ದು."

"ನೀರಲ್ಲಿ ಕಲಸಿ ಹಚ್ಚಿದ್ರಾ?"

"ಮತ್ತೆ? ಒಣ ವಿಭೂತಿ ನಿಲ್ತೈತಾ?"

ಅವನು ಅಂಗಡಿಯವನ ಕಡೆ ನೋಡಿ ನಕ್ಕ. "ಅಜ್ಜಿ, ಮಷೀನಿಗೆ ಅಭಿಷೇಕ ಮಾಡಿದ್ರೆ ಅದು ಶಾಕ್ ಹೊಡೀದೆ ಆಶೀರ್ವಾದ ಮಾಡ್ತೈತಾ?" ಸೀಳಿಗೆ ಬಾಯಿಟ್ಟು ಊದಿದ, ಚೂರು ಬಿಳಿ ಪುಡಿ ಹಾರಿತು. ಅಷ್ಟೇ ಪರೀಕ್ಷೆ. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಫಾರಂ ತೆಗೆದು 'ಒಳಗೆ ನೀರು ಹೋಗಿದೆ' ಎಂಬ ಸಾಲಿನ ಮುಂದೆ ಗುರುತು ಹಾಕಿದ. ಅದರ ಕೆಳಗೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಮೊದಲೇ ಅಚ್ಚಾಗಿತ್ತು. "ಸೊಸೆ ಉಳಿದಿದ್ದೇ ಪುಣ್ಯ ಬಿಡಿ. ಕೊಂದೇ ಬಿಡ್ತಿದ್ರಿ."

ನಾನು ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪೂಜೆಯ ದಿನ ಅತ್ತೆ ಅಂಗೈಯಲ್ಲಿ ವಿಭೂತಿ ತೇಯ್ದು ಮೂರು ಬೆರಳಲ್ಲಿ ಎಳೆದದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೆ. ಒಂದು ಹನಿಯೂ ತೊಟ್ಟಿಕ್ಕಿರಲಿಲ್ಲ. ಅದು ಒಣಗಿ ಎಷ್ಟೋ ದಿನವಾಗಿತ್ತು. ಇದನ್ನೆಲ್ಲ ಹೇಳಬಹುದಿತ್ತು. ನಾನು ಹೇಳಿದ್ದು, ಗ್ಯಾರಂಟಿಯ ಅವಧಿ ಇನ್ನೂ ಇದೆ, ಕಾರ್ಡಿನ ಮೇಲೆ ಸೀಲು ಇದೆ, ಬಿಲ್ಲು ಇದೆ ಎಂದು. ಅರ್ಧ ಗಂಟೆ ಅದನ್ನೇ ಹೇಳಿದೆ. ಅವನು ಆ ಗುರುತನ್ನೇ ತೋರಿಸಿದ. ಅತ್ತೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.

ಮನೆಗೆ ಬಂದಮೇಲೆ ಅವರು ಸ್ವಿಚ್ ಮುಟ್ಟುವುದನ್ನು ಬಿಟ್ಟರು. ಫ್ಯಾನ್ ಹಾಕಲೂ ನನ್ನನ್ನು ಕರೆಯುತ್ತಿದ್ದರು. ಚಟ್ನಿಗೆ ಕಾಯಿ ತುರಿದಿಟ್ಟು, ನಾನು ಬಂದು ಮಿಕ್ಸಿ ತಿರುಗಿಸಲಿ ಎಂದು ಕಾಯುತ್ತಿದ್ದರು. ಬಚ್ಚಲಲ್ಲಿ ಎರಡು ತೂತುಗಳು ಹಾಗೇ ಇದ್ದವು, ಅವರು ಬಕೆಟ್ಟಿನ ಅಂಚು ಹಿಡಿದು ಏಳುತ್ತಿದ್ದರು. "ಬೇರೆಯವರ ಕೈಲಿ ಹಿಡಿಕೆ ಹಾಕಿಸಲಾ?" ಎಂದರೆ, "ಬ್ಯಾಡ. ನನ್ನ ದೆಸೆಯಿಂದ ಆಗಿದ್ದೇ ಸಾಕು," ಎನ್ನುತ್ತಿದ್ದರು.

ಮಷೀನನ್ನು ಸೊರಬಕ್ಕೆ ಒಯ್ದೆ. ನಮ್ಮ ಶಾಲೆಯ ದಾರಿಯಲ್ಲಿ ಮೋಟರ್ ರಿಪೇರಿಯವರೊಬ್ಬರ ಅಂಗಡಿಯಿದೆ. ವಿಭೂತಿಯ ಕಥೆ ಹೇಳಿದೆ. ಅವರು ಹೆಚ್ಚು ಕೇಳದೆ ಸ್ಕ್ರೂ ಬಿಚ್ಚಿ, ಮೈಯ ಎರಡು ಹೋಳನ್ನು ಬೇರೆ ಮಾಡಿ ಪೇಪರಿನ ಮೇಲೆ ಇಟ್ಟರು.

"ಎಂತ ವಿಭೂತಿ ಮಾರಾಯ್ರೆ. ಇಲ್ಲಿ ನೋಡಿ ಟೀಚರ್ರೇ."

ಒಳಗೆ ಒಂದು ಕೆಂಪು ವೈರು ಲೋಹದ ಕತ್ತಿಗೂ ಪ್ಲಾಸ್ಟಿಕ್ಕಿನ ಅಂಚಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಮೇಲಿನ ಸಿಪ್ಪೆ ಸವೆದು ತಂತಿ ಕಾಣುತ್ತಿತ್ತು.

"ಮುಚ್ಚೋವಾಗ್ಲೇ ಸಿಕ್ಕಿಹಾಕ್ಕೊಂಡಿದೆ. ಅದುರಿ ಅದುರಿ ಸವೆದು ಲೋಹಕ್ಕೆ ತಾಗಿದೆ. ನೀರೂ ಇಲ್ಲ, ಎಂತದೂ ಇಲ್ಲ." ಅವರು ಆಗಲೇ ಇಕ್ಕಳ ಕೈಗೆ ತೆಗೆದುಕೊಂಡಿದ್ದರು.

"ಇವತ್ತು ಮುಟ್ಟಬೇಡಿ," ಎಂದೆ. "ನಾಳೆ ನಮ್ಮತ್ತೆಯನ್ನು ಕರ್ಕೊಂಡು ಬರ್ತೀನಿ. ಅವರು ನೋಡಬೇಕು."

"ಮಷೀನು ನೋಡೋಕೆ ನೆಂಟರು ಬರೋದು ಇದೇ ಮೊದಲು," ಎಂದರು. ಆದರೆ ಪೇಪರನ್ನು ಹಾಗೇ ಎತ್ತಿ ಮೇಲಿಟ್ಟರು.

ಮರುದಿನ ಅತ್ತೆ ಒಲ್ಲದ ಮನಸ್ಸಿನಿಂದ ಬಸ್ಸು ಹತ್ತಿದರು. ತಾಳಗುಂದ ಅವರ ತವರು. ಶಿರಾಳಕೊಪ್ಪದ ಹತ್ತಿರ ಬಂದಾಗಲೆಲ್ಲ ಆ ಕಡೆ ಕೈಮಾಡಿ ಯಾರ ಮೆಕ್ಕೆಜೋಳ ಎಷ್ಟು ಎತ್ತರ ಬಂದಿದೆ ಎಂದು ಹೇಳುತ್ತಿದ್ದವರು ಅವತ್ತು ಮುಂದಿನ ಸೀಟಿನ ಕಂಬಿ ಹಿಡಿದು ಸುಮ್ಮನೆ ಕೂತಿದ್ದರು.

ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ರಿಪೇರಿಯವರು ಸ್ಕ್ರೂಡ್ರೈವರಿನ ತುದಿಯಿಂದ ವೈರು ಸವೆದ ಜಾಗ ತೋರಿಸಿದರು.

"ಹಂಗಾರೆ ವಿಭೂತಿಯಿಂದಲ್ಲ?"

"ಅಲ್ಲಮ್ಮ. ನೀವು ಇದಕ್ಕೆ ಮಂಗಳಾರತಿ ಎತ್ತಿದ್ರೂ ಇಷ್ಟೇ, ಬಿಟ್ಟಿದ್ರೂ ಇಷ್ಟೇ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರ ಮುಖ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಕೇಳಿದರು:

"ಅವತ್ತು ನಿಂಗೆ ಗೊತ್ತಿರ್ಲಿಲ್ವಾ?"

"ವೈರಿನ ವಿಷಯ ಗೊತ್ತಿರಲಿಲ್ಲ ಅತ್ತೆ."

"ವೈರು ಬಿಡು. ನಾನು ಬೆರಳಲ್ಲಿ ಹಚ್ಚಿದ್ದು ನೀನು ನೋಡಿದ್ದೆ. ಸ್ವಿಚ್ ಯಾರು ಆರಿಸಿದ್ದು ಅಂತನೂ ಗೊತ್ತಿತ್ತು. ಕೊಲ್ತಿದ್ರಿ ಅಂತ ಅವ್ನು ಅಂದಾಗ ನೀನು ಬರೇ ಕಾರ್ಡಿಂದೇ ಮಾತಾಡಿದೆ."

ಬಸ್ಸು ಬಂತು, ಅವರ ಕೈಹಿಡಿದು ಹತ್ತಿಸಿದೆ.

ಮುಂದಿನ ವಾರ ಸರ್ವಿಸ್‌ನವನು ಬರುವ ದಿನ ಅತ್ತೆಯನ್ನು ಕರೆದೆ. "ಒಂದ್ಸಲ ಬಂದಿದ್ನಲ್ಲ. ಈಗ ನೀನು ಹೋಗಿ ಹೇಳು," ಎಂದರು. ರಿಪೇರಿಯವರು ಹೊಸ ವೈರು ಹಾಕುವಾಗ ಕತ್ತರಿಸಿ ತೆಗೆದ ಹಳೆಯ ತುಂಡನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋದೆ. ವಿಭೂತಿ ಹಚ್ಚಿದ ರೀತಿ, ಸ್ವಿಚ್ ಆರಿಸಿದ್ದು, ಒಳಗೆ ಸಿಕ್ಕಿದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಅವನು ತುಂಡನ್ನು ಕವರಿನಿಂದ ಹೊರಗೂ ತೆಗೆಯಲಿಲ್ಲ.

"ಹೊರಗೆ ಬಿಚ್ಚಿಸೀರಲ್ಲ ಮೇಡಂ. ಇನ್ನಂತೂ ಗ್ಯಾರಂಟಿ ಇಲ್ಲ."

"ಗ್ಯಾರಂಟಿ ಬೇಡ. ವಿಭೂತಿಯಿಂದ ಆಗಿದ್ದಲ್ಲ ಅಂತ ಬರೆದುಕೊಡಿ."

"ಅದಕ್ಕೆ ಫಾರಂನಾಗೆ ಕಾಲಂ ಇಲ್ಲ."

ನಾನು ಇನ್ನೊಂದು ಸಲ ಹೇಳಿದೆ. ಅವನು ನನ್ನ ಹಿಂದೆ ನಿಂತಿದ್ದವರ ಮಿಕ್ಸಿಗೆ ಕೈಚಾಚಿದ.

"ಏನಂದ?" ಎಂದು ಬಾಗಿಲಲ್ಲೇ ಕೇಳಿದರು ಅತ್ತೆ. ಹೇಳಿದೆ. "ನೀನೇನಂದೆ?" ಎಂದರು. ಅದನ್ನೂ ಹೇಳಿದೆ, ಮೊದಲಿನಿಂದ, ಏನೂ ಬಿಡದೆ. ಪೂರ್ತಿ ಕೇಳಿಸಿಕೊಂಡು ಒಳಗೆ ಹೋದರು.

ಭಾನುವಾರ ಬಚ್ಚಲು ಒಣಗಿಸಿ, ಮಷೀನಿನ ಕತ್ತಿಗೆ ಟೆಸ್ಟರ್ ಇಟ್ಟು ಮೂರು ಸಲ ನೋಡಿದೆ. ರಬ್ಬರ್ ಚಪ್ಪಲಿ ಹಾಕಿಕೊಂಡು, ನಲ್ಲಿಯಿಂದ ದೂರ ಮಣೆ ಎಳೆದು ಕೂತೆ. ಸ್ವಿಚ್ ಹಾಕಲು ಏಳಬೇಕೆಂದು ತಿರುಗಿದಾಗ ಬಾಗಿಲಾಚೆ ಅತ್ತೆ ನಿಂತಿದ್ದರು. ನಾನು ಕರೆದಿರಲಿಲ್ಲ. ಅವರ ಬೆರಳು ಸ್ವಿಚ್ಚಿನ ಮೇಲಿತ್ತು.

"ಹಾಕ್ಲಾ?" ಎಂದರು.