ಬೀಗವಿಲ್ಲದ ತೂಕ

ಇದನ್ನು ಹೇಳಲು ಇಷ್ಟು ವರ್ಷ ಹಿಂಜರಿದೆ. ಸಂಡೂರು ದಾರಿಯ ಕಾಟಾದಲ್ಲಿ ಅದಿರಿನ ಲಾರಿ ತೂಗುವ ಪ್ರೋಗ್ರಾಂ ಬರೆದವನು ನಾನು. ಹೈಸ್ಕೂಲು ಮುಗಿಸಿ ಹೊಸಪೇಟೆಯಲ್ಲಿ ಕಲಿತದ್ದು ಬೇಸಿಕ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಒಂದೇ. ಅದರಲ್ಲಿ ಯಾವ ಸಾಲಿಗಾದರೂ ಜಿಗಿದು ಯಾವ ಅಂಕಿಯನ್ನಾದರೂ ಬದಲಿಸಬಹುದಿತ್ತು. ನನ್ನ ಕೈಗೂ ಅದೇ ರೂಢಿಯಾಯಿತು.

ಕಾಟಾದಲ್ಲಿ ಚೀಟಿ ಕೊಡುತ್ತಿದ್ದ ಕಮಲಾಪುರದ ಹುಡುಗಿ ಕಂಪ್ಯೂಟರ್ ಓದಿದವಳು. "ಜಾವಾದಾಗ ಬರೀರಿ ಕಾಕಾ. ತೂಕಕ್ಕ ಬೀಗ ಹಾಕಿದ್ರ ಕಂಡಕಂಡಲ್ಲಿ ತಿದ್ದಾಕ ಬರಂಗಿಲ್ಲ" ಎಂದಳು.

"ಕೀಲಿ ನಿನ್ನ ಸೊಂಟಕ್ಕ ಸಿಗಿಸ್ಕೊಂತೀಯೇನವ್ವಾ?" ಎಂದು ನಕ್ಕೆ.

ಮುಂದೆ, ಎಷ್ಟು ಹೇರಿದ ಲಾರಿಗೂ ಚೀಟಿಯಲ್ಲಿ ಮಿತಿಯೊಳಗಿನ ತೂಕವೇ ಬರಲಿ ಎಂದರು ಕಾಟಾದ ಮಾಲೀಕರು. ಒಂದು ಸಾಲು ಸೇರಿಸಿದೆ. ಜಾವಾದಲ್ಲೂ ಮೋಸ ಮಾಡಬಹುದಿತ್ತು, ಆದರೆ ಇಷ್ಟು ಸಲೀಸಾಗಿ ಅಲ್ಲ. ನಡುವೆ ಎಲ್ಲೋ ಕೈ ತಡೆಯುತ್ತಿತ್ತು.

ಹಾಗೆ ಮಿತಿಮೀರಿ ಹೇರಿದ ಲಾರಿಯೊಂದು ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಉರುಳಿ ಚಾಲಕ ಸತ್ತ. ಚೀಟಿಯಲ್ಲಿ ಹುಡುಗಿಯ ಸಹಿ ಇತ್ತು. ನಾನು ಆ ಸಾಲನ್ನು ಅಳಿಸಿ, "ಪ್ರೋಗ್ರಾಂ ಸರಿ ಐತ್ರಿ, ಆಕಿನೇ ತೂಕ ತಿದ್ದ್ಯಾಳ" ಎಂದು ಪೊಲೀಸರಿಗೆ ಹೇಳಿದೆ. ಅವಳ ಕೆಲಸ ಹೋಯಿತು, ಮೇಲೆ ಕೇಸೂ ಬಿತ್ತು.

ಚಾಲಕನ ಹೆಂಡತಿಯ ಕಾಲಿಗೆ ಬಿದ್ದು ಬಂದಿದ್ದೇನೆ. ಇನ್ನೂ ಕ್ಷಮೆ ಕೇಳದೆ ಉಳಿದದ್ದು, ನನ್ನನ್ನು ಕಾಕಾ ಎಂದು ಕರೆದ ಆ ಹುಡುಗಿಯನ್ನು.