ಝೀರೋ ಎರರ್

ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಹಳೆಯ ಸ್ಕ್ರೂ ಗೇಜ್ ಕೈಗೆ ಸಿಕ್ಕಿತು. ತಂತಿಯ ದಪ್ಪ ಅಳೆಯುವ ಸಣ್ಣ ಉಪಕರಣ. ತಿರುಪನ್ನು ಪೂರ್ತಿ ಮುಚ್ಚಿ ನೋಡಿದೆ. ಸೊನ್ನೆಯಲ್ಲಿ ನಿಲ್ಲಲಿಲ್ಲ, ಮೂರು ಗೀಟು ಆಚೆ ನಿಂತಿತು. ಆಗಲೂ ಹಾಗೇ ಇತ್ತು…

ಅದನ್ನು ಕೊಟ್ಟವರು ನಮ್ಮ ಫಿಸಿಕ್ಸ್ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆ. ಮೂಡಿಗೆರೆಯ ಆ ಸಣ್ಣ ಕಾಲೇಜು ಈಗಿಲ್ಲ. ಲ್ಯಾಬಿನಲ್ಲಿ ಅವರದು ಒಂದೇ ಪಟ್ಟು: ಅಳೆಯುವ ಮೊದಲು ಉಪಕರಣದ್ದೇ ತಪ್ಪನ್ನು, ಅಂದರೆ ಝೀರೋ ಎರರನ್ನು, ರೆಕಾರ್ಡಿನ ಮೊದಲ ಸಾಲಿನಲ್ಲಿ ಬರೆಯಬೇಕು, ಆಮೇಲೆ ಬಂದ ಅಳತೆಯಿಂದ ಅದನ್ನು ಕಳೆಯಬೇಕು. ಇಲ್ಲದಿದ್ದರೆ ಇಡೀ ಪುಟಕ್ಕೆ ಅಡ್ಡಗೀಟು.

"ಗೇಜು ಸುಳ್ಳು ಹೇಳ್ಲಿ ಮಾರಾಯ. ಎಷ್ಟು ಹೇಳುತ್ತೆ ಅಂತ ನೀನು ಮೊದ್ಲೇ ಹೇಳ್ಬಿಡು."

ಅಲ್ಲೇ ಪಿಯುಸಿ ಮುಗಿದಾಗ ಬೆಂಗಳೂರಿನ ಹೆಸರಾಂತ ಕಾಲೇಜೊಂದರಲ್ಲಿ ನನಗೆ ಬಿಎಸ್ಸಿ ಸೀಟು ಸಿಕ್ಕಿತ್ತು. ಅಪ್ಪ ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಬರೆಯುವ ಕೆಲಸ. ನನ್ನನ್ನು ಮೇಷ್ಟ್ರ ಬಳಿಗೆ ಕರೆದುಕೊಂಡು ಹೋದರು.

"ಅಲ್ಲ ಮೇಷ್ಟ್ರೇ, ಕಾಲೇಜಿಗೆ ಹೆಸರಿದ್ರೆ ಫಿಸಿಕ್ಸ್ ಬೇರೆ ಆಗುತ್ತಾ?"

"ಹ್ಯಾಗಾಗುತ್ತೆ ರೈಟರೇ? ಕಲ್ಲು ಬಿಟ್ರೆ ಬೆಂಗಳೂರಲ್ಲೂ ಕೆಳಗೇ ಬೀಳೋದು."

ಅಪ್ಪ ನಕ್ಕರು. ನಾನು ಮೂಡಿಗೆರೆಯಲ್ಲೇ ಉಳಿದೆ.

ತರಗತಿಯಲ್ಲಿ ಎಂಟು ಮಂದಿ. ಮೇಷ್ಟ್ರು ಚೆನ್ನಾಗಿಯೇ ಕಲಿಸಿದರು, ಅದರಲ್ಲಿ ಅನುಮಾನವಿಲ್ಲ. ಮೂರು ವರ್ಷದ ಬಳಿಕ ಎಂಎಸ್ಸಿ ಸಂದರ್ಶನಕ್ಕೆ ಹೋದೆ. ಕಾಲೇಜಿನ ಹೆಸರು ಕೇಳಿದರು, ಹೇಳಿದೆ. ಮುಂದಿನ ಪ್ರಶ್ನೆ ಫಿಸಿಕ್ಸಿನದಲ್ಲ; ಅಲ್ಲಿಗೆ ಬಸ್ಸಿದೆಯೇ ಎಂಬುದು. ನನಗಿಂತ ಕಡಿಮೆ ಅಂಕದವನಿಗೆ ಸೀಟು ಸಿಕ್ಕಿತು. ಅವನ ಕಾಲೇಜಿಗೆ ಹೆಸರಿತ್ತು. ಕಾರಣ ಅದೊಂದೇ ಎಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಲ್ಯಾಬಿಗೆ ಹೋಗಿ ಮೇಷ್ಟ್ರಿಗೆ ತಿಳಿಸಿದೆ. ಕೈಯಲ್ಲಿದ್ದ ಗೇಜನ್ನು ಪೂರ್ತಿ ಮುಚ್ಚಿ ಗೀಟು ನೋಡಿದರು.

"ಅವತ್ತು ನಿಮ್ಮಪ್ಪನ ಹತ್ರ ನಾನು ಝೀರೋ ಎರರ್ ಹೇಳ್ಲಿಲ್ಲ ಮಾರಾಯ. ಎಂಟು ಜನ ಸೇರದಿದ್ರೆ ಫಿಸಿಕ್ಸ್ ಮುಚ್ತೀವಿ ಅಂತ ಕಾಲೇಜಿನ ಆಡಳಿತದವ್ರು ಅಂದಿದ್ರು. ನೀನು ಎಂಟನೆಯವ್ನು."

"ಹಾಗಾದ್ರೆ ಹೇಳಿದ್ದು ಸುಳ್ಳಾ ಸಾರ್?"

"ಕಲ್ಲು ಕೆಳಗೇ ಬೀಳುತ್ತೆ. ಅದು ಸುಳ್ಳಲ್ಲ."

ಗೇಜು ಅವರ ಸ್ವಂತದ್ದು. ನನ್ನ ಕೈಗಿಟ್ಟರು. ಜೇಬಿಗೆ ಹಾಕಿಕೊಂಡು ಹೊರಬಂದೆ. ಮತ್ತೆಂದೂ ಹೋಗಲಿಲ್ಲ… ಎಂಬತ್ತರ ದಶಕದ ಕೊನೆಗೆ, ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿ ಜಿಲ್ಲಾ ಪುಟ ನೋಡಿಕೊಳ್ಳುತ್ತಿದ್ದಾಗ ಅವರ ನಿಧನದ ಸುದ್ದಿ ನಾಲ್ಕು ಸಾಲಾಗಿ ನನ್ನ ಮೇಜಿಗೇ ಬಂತು. ಕಾಗುಣಿತ ತಿದ್ದಿ ಮುಂದಕ್ಕೆ ಕಳಿಸಿದೆ.

ನಿನ್ನೆ ತಮ್ಮನ ಮಗಳು ಫೋನ್ ಮಾಡಿದ್ದಳು. "ದೊಡ್ಡಪ್ಪ, ಫಿಸಿಕ್ಸಿಗೆ ಯೂನಿವರ್ಸಿಟಿ ರ‍್ಯಾಂಕಿಂಗ್ ನೋಡ್ಬೇಕಾ?"

"ಮೊದ್ಲು ಒಂದು ತಿಳ್ಕೋ. ನಂಗೆ ಎಂಎಸ್ಸಿ ಸೀಟು ಸಿಗ್ಲಿಲ್ಲ. ಅದನ್ನ ಕಳೆದು ನನ್ನ ಮಾತು ಕೇಳು," ಅಂದೆ.

ಅವಳು ಕಾದಳು. ಅದನ್ನು ಕಳೆದ ಮೇಲೆ ಏನು ಉಳಿಯುತ್ತದೆಂದು ನನಗೇ ತಿಳಿಯಲಿಲ್ಲ. ಲೆಕ್ಕ ಸರಿಯಿದೆಯೇ ಎಂದು ಕೇಳೋಣವೆಂದರೆ ಮೇಷ್ಟ್ರಿಲ್ಲ.