ಎರಡನೇ ಕಾಟಾ

ಸಕ್ಕರೆ ಕಾರ್ಖಾನೆಯ ಗೇಟು ಮುಟ್ಟುವ ಮೊದಲು ನಮ್ಮ ಕಬ್ಬು, ಅಲ್ಲಿನ ತೂಕಕ್ಕೆ ತಾಳೆ ನೋಡಲೆಂದು, ಹೊರಗಿನ ಯಾವುದಾದರೂ ಕಾಟಾದ ಮೇಲೆ ಒಮ್ಮೆ ನಿಂತೇ ಹೋಗುತ್ತದೆ. ಕಾಟಾ ಅಂದರೆ ಟ್ರ್ಯಾಕ್ಟರನ್ನು ಟ್ರಾಲಿ ಸಮೇತ ಹತ್ತಿಸಿ ತೂಗುವ ಕಬ್ಬಿಣದ ಹಾಸು. ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆಯುವ ಬಹಳ ಮನೆಗಳಲ್ಲಿ ಈ ರೂಢಿ ಇದೆ. ನನ್ನಲ್ಲಿ ಅದು ರೂಢಿ ದಾಟಿ ಸ್ವಭಾವವೇ ಆಗಿಬಿಟ್ಟಿದೆ. ಹಾಲಿನವನ ಲೀಟರು, ಬೀಜದ ಚೀಲದ ಮೇಲಿನ ಚಿತ್ರ, ನೆಂಟರ ಹೊಗಳಿಕೆ, ಯಾವುದನ್ನೂ ನಾನು ಒಂದೇ ಸಲಕ್ಕೆ ಒಪ್ಪುವವಳಲ್ಲ. ದಿಗ್ಗೇವಾಡಿಯಲ್ಲಿ ಬೆನ್ನ ಹಿಂದೆ ನನ್ನನ್ನು ಸಿಐಡಿ ಬಾಯಿ ಎಂದು ಕರೆಯುತ್ತಾರೆ. ಕರೆಯಲಿ, ನನಗೆ ಮೋಸ ಮಾಡಿದವರು ಕಡಿಮೆ.

ಇಂಥ ನನಗೆ, ಸಿಕ್ಕವರನ್ನೆಲ್ಲ ನಂಬುವ ಒಬ್ಬ ತಂಗಿ. ನನಗಿಂತ ಬಹಳ ಚಿಕ್ಕವಳು. ಓರಗೆಯ ಮಕ್ಕಳೆಲ್ಲ ಅಂಗಳ ತುಂಬ ಓಡಾಡುವಾಗ ಅವಳು ಇನ್ನೂ ನನ್ನ ಸೊಂಟದ ಮೇಲಿದ್ದಳು. ದಿನಾ ಎಣ್ಣೆ ತಿಕ್ಕುವುದು, ಬಿಸಿಲಿಗೆ ಕೂಡಿಸುವುದು, ಮನೆತುಂಬ ಅವಳ ಕಾಲಿನದೇ ಚಿಂತೆ. ಆಮೇಲೆ ಎಲ್ಲರಂತೆ ನಡೆದಳು, ಓಡಿದಳು, ಹೊಳೆಯಲ್ಲಿ ಈಜಿದಳು. ಆದರೂ ಅವಳ ಕಾಲಿನಲ್ಲಿ ಕಸುವು ಕಡಿಮೆ ಎಂಬ ಮಾತು ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಅವಳು ಕೊಡ ಎತ್ತಿದರೆ ಸಾಕು, ನಮ್ಮಲ್ಲಿ ಯಾರಾದರೂ ಒಬ್ಬರು ಅದನ್ನು ಹೇಳಿ ಕೊಡ ಕಸಿದುಕೊಳ್ಳುತ್ತಿದ್ದರು.

ಕೊಂಕಣದ ಸಮುದ್ರ ದಂಡೆಯಲ್ಲಿ, ಜಲಕ್ರೀಡೆ ನಡೆಸುವವನೊಬ್ಬನ ಹತ್ತಿರ ಅವಳಿಗೆ ಟಿಕೆಟ್ ಹರಿಯುವ ಕೆಲಸ ಸಿಕ್ಕಿತು. ಅಲ್ಲಿ ಅವಳು ನಿಂತು ಓಡಿಸುವ ಜೆಟ್ ಸ್ಕೀ ನೋಡಿದಳು. ಪ್ರವಾಸಿಗರು ಕೂತು ಓಡಿಸುವಂಥದ್ದಲ್ಲ, ಇದಕ್ಕೆ ಸೀಟೇ ಇಲ್ಲ. ಹಿಂಭಾಗದ ತೊಟ್ಟಿಯಂಥ ಜಾಗದಲ್ಲಿ ನಿಂತು, ಪಾದಗಳನ್ನು ಪಟ್ಟಿಗೆ ಸಿಕ್ಕಿಸಿ, ಮೇಲೆ ಕೆಳಗೆ ಆಡುವ ಉದ್ದನೆಯ ಹಿಡಿಕೆ ಹಿಡಿದು ಓಡಿಸಬೇಕು. ಅದರ ಮೇಲೆ ಕಸರತ್ತು ಮಾಡುವುದಕ್ಕೆ ಫ್ರೀಸ್ಟೈಲ್ ಅನ್ನುತ್ತಾರೆ. ಮಾಲೀಕನೇ ಅವಳಿಗೆ ಕಲಿಸಿದ. ನಿಲ್ಲುವುದು, ತಿರುಗುವುದು, ಮೂತಿ ಎತ್ತುವುದು ಎಲ್ಲ ಬಂತು. ಉರುಳು ಮಾತ್ರ ಬರಲಿಲ್ಲ. ಅಲೆಯ ಮೇಲಿಂದ ಹಾರಿ, ಯಂತ್ರದ ಜೊತೆಗೇ ಗಾಳಿಯಲ್ಲಿ ಮಗ್ಗುಲಾಗಿ ಪೂರ್ತಿ ಒಂದು ಸುತ್ತು ಉರುಳಿ, ಮತ್ತೆ ನಿಂತುಕೊಂಡೇ ಇಳಿಯಬೇಕು. ಅವಳು ಅರ್ಧ ಸುತ್ತಿಗೇ ಬೆನ್ನ ಮೇಲೆ ಬೀಳುತ್ತಿದ್ದಳು. ಒಂದು ಮಳೆಗಾಲ ಬಿಟ್ಟು ಉಳಿದ ವರ್ಷವೆಲ್ಲ ಬಿದ್ದಳು. ನಿನ್ನ ಕಾಲಿನಲ್ಲಿ ಬಲ ಇಲ್ಲ ಎಂದು ಮಾಲೀಕ ಹೇಳಿದನಂತೆ. ಫೋನಿನಲ್ಲಿ ಅದನ್ನು ಕೇಳಿ ನನಗೆ ಸಿಟ್ಟು ಬರಲಿಲ್ಲ, ಹೌದಲ್ಲ ಪಾಪ ಅನ್ನಿಸಿತು.

ದೀಪಾವಳಿಗೆ ಬಂದವಳು ತನ್ನ ತೀರ್ಮಾನ ಹೇಳಿದಳು. ಒಂದು ಹಳೆಯ ಯಂತ್ರ ಕೊಂಡು ಬೇಸಿಗೆಯವರೆಗೆ ಇಲ್ಲೇ ಹೊಳೆಯಲ್ಲಿ ಅಭ್ಯಾಸ ಮಾಡುತ್ತಾಳೆ. ಉರುಳು ಬಂದರೆ ಸರಿ. ಬರದಿದ್ದರೆ ನೀರಿನ ಸಹವಾಸ ಬಿಟ್ಟು, ಮತ್ತೆ ಟಿಕೆಟ್ ಹರಿಯುತ್ತ ಕೂಡುತ್ತಾಳೆ. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಯಂತ್ರ ನೋಡಲು ಜೊತೆಗೆ ನಾನೇ ಹೋದೆ. ಸಮುದ್ರ ದಂಡೆಯಲ್ಲಿ ಎರಡು ಮಾರಾಟಕ್ಕಿದ್ದವು. ಒಂದು ಆ ಮಾಲೀಕನದೇ, ಅವಳು ಇಷ್ಟು ದಿನ ಕಲಿತದ್ದು. ಉದ್ದ, ನುಣುಪು, ಹೊಸದಾಗಿ ಹೊಳಪು ಕೊಟ್ಟದ್ದು. ಇನ್ನೊಂದು ಪಕ್ಕದ ಶೆಡ್ಡಿನಲ್ಲಿ ಬೇರೊಬ್ಬನದು. ಗಿಡ್ಡ, ಬಣ್ಣ ಮಾಸಿದ್ದು, ಮೂತಿಯ ಹತ್ತಿರ ಕೊಯ್ದು ಮತ್ತೆ ಬೆಸೆದ ಗುರುತು ಎದ್ದು ಕಾಣುತ್ತಿತ್ತು. ಅಪಘಾತವಾದ ಗಾಡಿಗೆ ಬಣ್ಣ ಬಳಿದು ಮಾರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅದರ ಕಡೆ ತಿರುಗಿಯೂ ನೋಡಬೇಡ ಅಂದೆ. ತಂಗಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು.

ಮಾಲೀಕನ ಮೇಲೂ ನನಗೆ ನಂಬಿಕೆ ಹುಟ್ಟಲಿಲ್ಲ. ಅವನು ಬಹಳ ನಕ್ಕ, ನಾವು ಕೇಳುವ ಮೊದಲೇ ಚಹಾ ತರಿಸಿದ. ಎಂಜಿನ್ನಿನ ಮೇಲೆ ಕೈಯಿಟ್ಟರೆ ಅದು ಬೆಚ್ಚಗಿತ್ತು. ತಣ್ಣಗಿದ್ದಾಗ ಚಾಲೂ ಆಗುವುದಿಲ್ಲವೇನೋ, ನಾವು ಬರುವ ಮುಂಚೆ ಓಡಿಸಿಟ್ಟಿದ್ದಾನೆ ಅಂದುಕೊಂಡೆ. ಎತ್ತು ಕೊಳ್ಳುವಾಗ ನಮ್ಮಲ್ಲಿ ಕೆಲವು ದಿನ ಗಳೆ ಹೂಡಿ ನೋಡಿಯೇ ಮಾತು ಮುಗಿಸುವುದುಂಟು. ಹಾಗೆಯೇ ಇದನ್ನೂ ಕೊಡು ಎಂದು ನನ್ನ ಹರಕು ಮುರುಕು ಮರಾಠಿಯಲ್ಲಿ ಕೇಳಿದೆ. ತಂಗಿ ನಾಚಿಕೆಯಿಂದ ತಲೆ ತಗ್ಗಿಸಿದಳು. ಅವನು ತಕ್ಷಣ ಒಪ್ಪಿದ. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನ್ನ ಸಂಶಯ ಇಮ್ಮಡಿಯಾಯಿತು.

ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಘಟ್ಟ ಹತ್ತಿ, ನಿಪ್ಪಾಣಿ ದಾಟಿ, ಚಿಕ್ಕೋಡಿಗೆ ಬಂದೆವು. ದಾರಿಯುದ್ದಕ್ಕೂ ಅವಳು ಆ ಯಂತ್ರದ ಗುಣಗಾನ ಮಾಡುತ್ತಿದ್ದಳು. ಫ್ರೀಸ್ಟೈಲಿಗೆ ಎಲ್ಲಕ್ಕಿಂತ ಮುಖ್ಯ ಹಗುರ, ಇದು ಒಂದೂವರೆ ಕ್ವಿಂಟಲ್ ಕೂಡ ಇಲ್ಲ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಯಾರು ಹೇಳಿದರು ಎಂದು ಕೇಳಿದೆ. ಕಂಪನಿಯ ಪುಸ್ತಕದಲ್ಲಿದೆ ಅಂದಳು. ಇದನ್ನೇ ತೂಗಿ ನೋಡಿದವರು ಯಾರು ಎಂದು ಕೇಳಿದೆ. ಚಿಕ್ಕೋಡಿ ಬಿಟ್ಟು ಸ್ವಲ್ಪ ದೂರದಲ್ಲಿ ರಸ್ತೆ ಬದಿಗೆ ಕಾಟಾ ಕಂಡದ್ದೇ ಗಾಡಿ ತಿರುಗಿಸಿದೆ.

ಕಾಟಾದವನು ಯಂತ್ರದ ಸುತ್ತ ಒಂದು ಸುತ್ತು ಬಂದ.

"ಕಬ್ಬ ತೂಗೇನ್ರಿ, ಬೆಲ್ಲ ತೂಗೇನ್ರಿ. ಇದ್ಯಾವ ಬೆಳಿರಿ ಬಾಯಾರ?"

ಗಾಡಿಯನ್ನು ಯಂತ್ರ ಸಮೇತ ತೂಗಿ, ಚಹದಂಗಡಿಯಲ್ಲಿದ್ದವರನ್ನು ಕರೆದು ಯಂತ್ರ ಇಳಿಸಿ, ಖಾಲಿ ಗಾಡಿ ತೂಗಿದೆವು. ಕಳೆದು ನೋಡಿದರೆ ಎರಡು ಕ್ವಿಂಟಲ್ಲಿಗೆ ಬಂದು ಮುಟ್ಟಿತ್ತು. ತಂಗಿ ಕಾಟಾ ಸುಳ್ಳು ಅಂದಳು. ನಿಜ ಹೇಳಬೇಕೆಂದರೆ ನನಗೂ ಮೊದಲು ಬಂದ ಸಂಶಯ ಕಾಟಾದ ಮೇಲೆಯೇ. ರಾಯಬಾಗದ ಕಡೆಯ ಇನ್ನೊಂದು ಕಾಟಾಕ್ಕೆ ಹೋಗಿ ಮತ್ತೆ ಏರಿಸಿ, ಮತ್ತೆ ಇಳಿಸಿದೆವು. ಅಲ್ಲಿಯೂ ಅದೇ ತೂಕ.

ಮನೆಗೆ ತಂದು ಅಂಗಳದಲ್ಲಿ ಇಳಿಸಿದೆವು. ಒಳಗೆ ನಿಂತ ನೀರು ಬಿಡುವ ಬಿರಡೆ ತೆಗೆದರೆ ಒಂದು ತಂಬಿಗೆಯಷ್ಟೂ ಬರಲಿಲ್ಲ. ಆಗ ತಂಗಿ ಪಾದ ಊರುವ ತೊಟ್ಟಿಯ ರಬ್ಬರ್ ಹಾಸನ್ನು ನೋಡುತ್ತ ಕೂತಳು. ಒಂದು ಮೂಲೆಯಲ್ಲಿ ಅಂಟು ಹೊಸದಾಗಿತ್ತು. ಅದನ್ನು ಮೆಲ್ಲಗೆ ಎಬ್ಬಿಸಿದರೆ ಕೆಳಗೊಂದು ಬಿರುಕು, ಬಿರುಕಿನ ತುಂಬ ಬಿಳಿ ಲಪ್ಪ, ಸಂದು ಮುಚ್ಚಲು ಮೆತ್ತುವ ಪುಟ್ಟಿಯಂಥದ್ದು. ಮೊಳೆಯಿಂದ ಲಪ್ಪ ಕೆದರಿದಾಗ ನೀರು ಜಿನುಗತೊಡಗಿತು. ಮುಳುಗಬಾರದೆಂದು ಇಂಥ ಯಂತ್ರದ ಹೊಟ್ಟೆಯಲ್ಲಿ ಹಗುರವಾದ ಫೋಮ್ ತುಂಬಿರುತ್ತಾರಂತೆ. ಅದು ವರ್ಷಗಟ್ಟಲೆ ಸಮುದ್ರವನ್ನು ಹೀರಿಕೊಂಡು ಕೂತಿತ್ತು. ನಾನು ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು. ಮರುದಿನವೂ ಅದು ತೊಟ್ಟಿಕ್ಕುತ್ತಲೇ ಇತ್ತು.

ನನ್ನ ತಲೆ ಕೆಟ್ಟುಹೋಯಿತು. ಆ ಮಾಲೀಕನಿಗೆ ಹಿಡಿಶಾಪ ಹಾಕುತ್ತ ಅಂಗಳದಲ್ಲಿ ಅಡ್ಡಾಡಿದೆ. ಲಪ್ಪ ತುಂಬಿದ ಕೈ ಅವನದೇ, ಗೊತ್ತಿದ್ದೂ ಈ ಹುಡುಗಿಗೆ ಇದನ್ನೇ ಕೊಟ್ಟು, ತಾನು ಬೇರೆ ಹೊಸದೊಂದನ್ನು ಓಡಿಸುತ್ತಿದ್ದ ಎಂದೆಲ್ಲ ಕೂಗಾಡಿದೆ. ತಂಗಿ ಒದ್ದೆಯಾದ ಮಣ್ಣಿನ ಹತ್ತಿರ ಕುಕ್ಕರುಗಾಲಲ್ಲಿ ಕೂತೇ ಇದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ತಲೆ ಎತ್ತಿದಾಗ ಮುಖ ಅರಳಿತ್ತು.

"ಅಕ್ಕಾ, ಹಂಗಾರ ನನ್ನ ಕಾಲ ಚಲೋ ಅದಾವು."

ಅವಳು ತನ್ನ ಮೀನಖಂಡವನ್ನು ಒಮ್ಮೆ ಒತ್ತಿ ನೋಡಿಕೊಂಡು, ಸಿಟ್ಟಿಲ್ಲದೆ ಹೇಳಿದಳು.

"ನೀ ಎಲ್ಲಾರ ಮ್ಯಾಲೂ ಸಂಶಯ ಪಡತಿ. ನನ್ನ ಕಾಲಾಗ ಕಸುವಿಲ್ಲ ಅನ್ನೂ ಮಾತ ಒಂದ ನೀನೂ ಕಾಟಾಕ್ಕ ಹಾಕಲಿಲ್ಲ ನೋಡ."

ಯಂತ್ರ ವಾಪಸು ಕೊಡಲು ಹೋದಾಗ ಮಾಲೀಕ ಅದೇ ನಗು ನಕ್ಕ. ಅಷ್ಟು ನೀರು ಎಲ್ಲ ಹಳೆಯ ಯಂತ್ರಗಳಲ್ಲೂ ಇರುತ್ತದೆ, ಲಪ್ಪದ ವಿಷಯ ತನಗೆ ಗೊತ್ತೇ ಇಲ್ಲ ಅಂದ. ತಂಗಿ ಅವನಿಗೆ ಕೈ ಮುಗಿದು ಬಂದಳು. ನಾನು ಮುಗಿಯಲಿಲ್ಲ. ಅವನಿಗೆ ಗೊತ್ತಿತ್ತು ಎಂದೇ ಇವತ್ತಿಗೂ ನನ್ನ ಲೆಕ್ಕ.

ಅಲ್ಲಿಂದ ಅವಳು ಸೀದಾ ಪಕ್ಕದ ಶೆಡ್ಡಿಗೆ ನಡೆದಳು. ಆ ಕೊಯ್ದ ಮೂತಿಯ ಗಿಡ್ಡ ಯಂತ್ರದ ಎದುರು ನಿಂತು, ಹೋದ ಸಲ ನುಂಗಿಕೊಂಡ ಮಾತನ್ನು ಆಗ ಹೇಳಿದಳು. ಉದ್ದನೆಯದು ನೆಟ್ಟಗೆ ಓಡುವುದಕ್ಕೆ ಒಳ್ಳೆಯದು, ಉರುಳಲು ಗಿಡ್ಡದೇ ಬೇಕು, ಅದಕ್ಕೇ ಈ ಆಟದವರು ಬೇಕೆಂದೇ ಕೊಯ್ದು ಬೆಸೆಯುತ್ತಾರೆ. ನಾನು ಬೆಸುಗೆಯ ಮೇಲೆ ಉಗುರಿನಿಂದ ಗೀರಿ ನೋಡಿದೆ, ಹಾಸು ಎಬ್ಬಿಸಿ ನೋಡಿದೆ, ಬೆರಳ ಗಣ್ಣಿನಿಂದ ಮೈತುಂಬ ಬಡಿದು ಸದ್ದು ಕೇಳಿದೆ. ಎಂಜಿನ್ ತಣ್ಣಗಿತ್ತು, ನನ್ನ ಎದುರೇ ಚಾಲೂ ಆಯಿತು. ಅದನ್ನೇ ಕೊಂಡೆವು, ಆದರೂ ಬರುವ ದಾರಿಯಲ್ಲಿ ಎರಡೂ ಕಾಟಾದ ಮೇಲೆ ಹತ್ತಿಸದೆ ಬಿಡಲಿಲ್ಲ. ಮೊದಲಿನವನು ನಮ್ಮನ್ನು ಗುರುತು ಹಿಡಿದು, ಈ ಸಲದ ಬೆಳೆ ಹಗುರ ಬಂದಿದೆ ಎಂದು ತಮಾಷೆ ಮಾಡಿದ.

ಚಳಿಗಾಲದಲ್ಲಿ ಬ್ಯಾರೇಜಿಗೆ ಹಲಗೆ ಇಳಿಸಿದಾಗ ಉಗಾರದ ಕಡೆ ಹೊಳೆ ತುಂಬಿ ನಿಲ್ಲುತ್ತದೆ. ಪೊಲೀಸರಿಗೂ ಪಂಚಾಯಿತಿಗೂ ಹೇಳಿ, ಜನ ಇಳಿಯದ ಒಂದು ಜಾಗ ಗೊತ್ತು ಮಾಡಿಕೊಂಡೆವು. ದಿನಾ ಅವಳು ನೀರಿನಲ್ಲಿ, ನಾನು ದಂಡೆಯ ಮೇಲೆ. ಮೊಸಳೆ ಮಲಗುವ ದಿಬ್ಬವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತ ಕೂಡುತ್ತಿದ್ದೆ. ನಮ್ಮ ಹೊಳೆಯಲ್ಲಿ ಅಲೆ ಇಲ್ಲ, ಹಾಗಾಗಿ ಅವಳು ತಾನೇ ಗರಗರ ಸುತ್ತು ಹಾಕಿ ಅಲೆ ಎಬ್ಬಿಸಿ, ಅದರ ಮೇಲಿಂದಲೇ ಹಾರುತ್ತಿದ್ದಳು. ಮೊದಮೊದಲು ಇಲ್ಲಿಯೂ ಬಿದ್ದಳು. ಬಿದ್ದಾಗೊಮ್ಮೆ ಅವಳು ಕಾಲಿನ ಕಡೆ ನೋಡಿಕೊಳ್ಳುತ್ತಿದ್ದಳು.

ಒಂದು ದಿನ ಮುಂಜಾನೆ ದಿಬ್ಬದ ಮೇಲೆ ಏನೋ ಸರಿದಂತಾಗಿ ಅತ್ತ ನೋಡುತ್ತಿದ್ದೆ. ಹಿಂದೆ ನೀರು ಸಿಡಿದ ಸದ್ದು, ಆಮೇಲೆ ಎಂಜಿನ್ ನಿಲ್ಲದೆ ಓಡುತ್ತಿದ್ದ ಸದ್ದು. ತಿರುಗಿದಾಗ ಅವಳು ನಿಂತೇ ಇದ್ದಳು. ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು. ಪೂರ್ತಿ ಸುತ್ತಿತೋ, ಅರ್ಧಕ್ಕೇ ಇಳಿಯಿತೋ, ನನಗೆ ಕಂಡಿರಲಿಲ್ಲ. ಕಂಡಿದೆ ಎಂದು ಸುಳ್ಳು ಹೇಳಲು ಆಗಲಿಲ್ಲ.

"ಇನ್ನೊಮ್ಮಿ ಮಾಡ. ಎರಡನೇ ಕಾಟಾ ಆಗಲಿ."

ಅವಳು ನಕ್ಕು ಯಂತ್ರ ತಿರುಗಿಸಿದಳು. ಈ ಸಲ ನಾನು ಮೊಸಳೆಯ ಕಡೆ ನೋಡಲಿಲ್ಲ. ಅವಳ ಕೆಂಪು ಜಾಕೀಟು ಮೇಲೆದ್ದಿತು, ತಲೆಕೆಳಗಾಯಿತು, ಮತ್ತೆ ನೆಟ್ಟಗಾಯಿತು. ಕಾಲು ಎರಡೂ ತೊಟ್ಟಿಯಲ್ಲೇ ಇದ್ದವು.